ಫ್ರಾಕಿನ ಬೆನ್ನಿನ ಕಲೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂಬತ್ತು ವರ್ಷ ಕೊಳೆಬಟ್ಟೆ ವಿಂಗಡಿಸಿದವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸುಲಭವಲ್ಲ. ಡಾಕ್ಟರು ಬೇಡವೆಂದರೂ ಕದ್ದು ಕಾಫಿ ಕುಡಿದವರು, ಮಾತ್ರೆಯನ್ನು ದಿಂಬಿನ ಚೀಲದೊಳಗೆ ಉಗುಳಿದವರು, ಎಲ್ಲರೂ ಅವಳ ಕೈಗೆ ಸಿಕ್ಕಿಬಿದ್ದವರೇ. ಕಲೆ ಯಾವುದು, ಅದಕ್ಕೆ ಬಿಸಿನೀರೋ ತಣ್ಣೀರೋ ಎಂದು ಬೆರಳೇ ಹೇಳಿಬಿಡುತ್ತಿತ್ತು. ಸಾಲು ರಜೆಯ ಮೊದಲ ಸಂಜೆ ಆ ಬೆರಳು ಮಗಳ ಫ್ರಾಕಿನ ಬೆನ್ನಿನ ಮೇಲೆ ಬಂದು ನಿಂತಿತು.

ಕಪ್ಪು ಜಿಡ್ಡು. ಅಡುಗೆಮನೆಯದಂತೂ ಅಲ್ಲ, ಯಂತ್ರದ್ದು.

"ಇವತ್ತೆಲ್ಲಿಗೆ ಹೋಗಿದ್ರಿ?" ಎಂದು ಗಂಡನನ್ನು ಕೇಳಿದಳು.

"ಎಲ್ಲಿಗೆ ಹೋಗೋದು? ಮನೇಲೇ ಇದ್ವಿ. ಚಿತ್ರ ಬರೆದ್ವಿ, ಊಟ ಮಾಡಿದ್ವಿ, ಮಲ್ಕೊಂಡ್ವಿ."

"ಹೌದಮ್ಮಾ," ಎಂದಳು ಐದು ವರ್ಷದ ಚೂಟಿ, ಯಾರೂ ಕೇಳದೆಯೇ. "ಮನೇಲೇ ಇದ್ವಿ. ಚಿತ್ರ ಬರೆದ್ವಿ, ಊಟ ಮಾಡಿದ್ವಿ, ಮಲ್ಕೊಂಡ್ವಿ."

ಮಧ್ಯಾಹ್ನ ಜಪ್ಪಯ್ಯ ಅಂದರೂ ಮಲಗದ ಮಗು ಅದು. ಅಮ್ಮನ ತಲೆಗೆ ಹುಳ ಹೊಕ್ಕಿತು.

ನಾಲ್ಕು ದಿನ ಶಾಲೆಗೂ ರಜೆ, ಶಿಶುವಿಹಾರಕ್ಕೂ ರಜೆ. ರೋಗಕ್ಕೆ ಮಾತ್ರ ರಜೆಯಿಲ್ಲ. ಮುಖ ನೋಡದೆ ಗಡಿಯಾರ ನೋಡಿಕೊಂಡೇ ಮಾತಾಡುವ ಲಾಂಡ್ರಿಯ ಮೇಲ್ವಿಚಾರಕಿಗೆ ಹೆಂಗಸರೆಲ್ಲ ಗಂಟೆಯಮ್ಮ ಎಂದು ಹೆಸರಿಟ್ಟಿದ್ದರು. ಆಕೆ ಮೊದಲೇ ಹೇಳಿದ್ದಳು: "ಹೋದ ಸಲ ರಜೆ ಡ್ಯೂಟಿಗೆ ಕೈಕೊಟ್ಟೆ. ಈ ಸಲಾನೂ ಕೈಕೊಟ್ರೆ ಖಾಯಂ ಆಗೋರ ಪಟ್ಟಿಯಿಂದ ನಿನ್ನ ಹೆಸರು ಹೋಗುತ್ತೆ. ಆಮೇಲೆ ನನ್ನ ಮುಂದೆ ಅಳಬೇಡ."

ಗಂಡ ಸಿಟಿ ಬಸ್ಸಿನ ಡ್ರೈವರ್. ಎಲ್ಲರಿಗೂ ರಜೆ ಇರುವ ದಿನ ಡ್ರೈವರಿಗೆ ರಜೆ ಸಿಗುವುದೆಂದರೆ ಗಗನಕುಸುಮ. ಆದರೂ ಆ ಮಹಾರಾಯ ನಗುನಗುತ್ತಾ ಬಂದು, "ನಾಲ್ಕು ದಿನಾನೂ ಸಿಕ್ತು" ಎಂದಿದ್ದ.

"ಸಿಗದಿದ್ರೆ ಈಗಲೇ ಹೇಳ್ರಿ," ಎಂದಿದ್ದಳು ಅವಳು. "ಮಗೂನ ಕಂಡೋರ ಹತ್ತಿರ ಬಿಟ್ಟು ಮಾಡೋ ಕೆಲಸ ನನಗೆ ಬೇಡ. ನಾಳೇನೇ ಬಿಟ್ಟುಬಿಡ್ತೀನಿ."

ಹಾಗೆ ಹೇಳಲು ಕಾರಣವಿತ್ತು. ಹೋದ ವರ್ಷ ಗಂಡ ಗ್ಯಾರೇಜಿನ ಗೆಳೆಯನ ಬಳಿ "ಐದೇ ನಿಮಿಷ" ಎಂದು ಮಗುವನ್ನು ಬಿಟ್ಟು ಹೋಗಿದ್ದ. ಬಿಸಿ ಸೈಲೆನ್ಸರ್ ತಾಗಿದ ಗುರುತು ಚೂಟಿಯ ಕಾಲಲ್ಲಿ ಇನ್ನೂ ಇದೆ. ಈಗ ಮತ್ತೆ ಜಿಡ್ಡು! ಗ್ಯಾರೇಜಲ್ಲದೆ ಇನ್ನೆಲ್ಲಿಯದು?

ಎರಡನೆಯ ದಿನ ಅವಳು ಬೇಕೆಂದೇ ಮಗಳಿಗೆ ಬಿಳಿ ಫ್ರಾಕು ತೊಡಿಸಿ ಹೋದಳು. ಸಂಜೆ ಬಂದು ನೋಡಿದರೆ ಫ್ರಾಕು ಒಗೆದು, ಇಸ್ತ್ರಿಯಾಗಿ, ಕುರ್ಚಿಯ ಮೇಲೆ ಮಡಚಿ ಕೂತಿದೆ. ಹೊಲಿಗೆಯ ಬಳಿ ಇನ್ನೂ ಹಸಿ.

"ಹಾಲು ಚೆಲ್ಕೊಂಡ್ಳು. ಅದಕ್ಕೇ ಒಗೆದೆ," ಎಂದ ಗಂಡ.

ಕುಡಿದ ಲೋಟ ತೊಳೆದಿಟ್ಟವನಲ್ಲ, ಫ್ರಾಕು ಒಗೆದಿದ್ದಾನಂತೆ! ಅದೂ ಬಟ್ಟೆಯಲ್ಲೇ ಬದುಕು ಸವೆಸಿದವಳನ್ನು ಒಗೆದ ಬಟ್ಟೆ ತೋರಿಸಿ ನಂಬಿಸುವ ಧೈರ್ಯ! ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಎದೆಯ ಮೇಲೆ ಹಾಲಿನ ಸುಳಿವಿಲ್ಲ. ಬೆನ್ನ ಮೇಲೆ ಮಾತ್ರ, ಅಂಗಿಯ ಗುಂಡಿಯಷ್ಟು ದೊಡ್ಡ ಮಾಸಲು ಚುಕ್ಕೆಗಳು, ಸಾಲು ಸಾಲಾಗಿ. ಅಂಥ ಕಲೆಯನ್ನು ಅವಳು ಕಂಡೇ ಇರಲಿಲ್ಲ.

ಮೂರನೆಯ ದಿನ ಊಟದ ಬಿಡುವು ಸಿಕ್ಕಿದ್ದೇ ತಡ, ಡಬ್ಬಿಯನ್ನೂ ಬಿಚ್ಚದೆ ಮನೆಗೆ ಓಡಿದಳು. ಬಾಗಿಲಿಗೆ ಬೀಗ. ಅಲ್ಲಿಂದ ಗ್ಯಾರೇಜಿಗೆ ಓಡಿದಳು. ಅದರ ಶಟರೂ ಕೆಳಗಿಳಿದಿತ್ತು. ಹಾಗಾದರೆ ಮಗು ಎಲ್ಲಿ? ಸಿಕ್ಕಿದ ಬಸ್ಸು ಹತ್ತಿ, ಏದುಸಿರು ಬಿಡುತ್ತಾ ಕಂಬ ಹಿಡಿದು ತಲೆ ತಗ್ಗಿಸಿದಳು. ಕಾಲ ಕೆಳಗೆ ಕಪ್ಪು ರಬ್ಬರಿನ ನೆಲ. ಅದರ ತುಂಬ ಗುಂಡಿಯಷ್ಟು ದೊಡ್ಡ ಉಬ್ಬುಗಳು, ಸಾಲು ಸಾಲಾಗಿ.

ಮುಂದಿನ ಸ್ಟಾಪಿನಲ್ಲೇ ಇಳಿದು, ಗಂಡ ದಿನವೂ ಓಡಿಸುವ ಏಳನೇ ನಂಬರಿಗಾಗಿ ಕಾದಳು.

ಏಳನೇ ನಂಬರು ಬಂತು. ಹತ್ತಿದಳು. ಹೆಚ್ಚುಕಡಿಮೆ ಖಾಲಿ. ಸ್ಟೇರಿಂಗ್ ಹಿಡಿದು ಕೂತವನು ಗಂಡನೇ. ಅವನ ಸೀಟಿನ ಹಿಂದೆ, ನೆಲದ ಮೇಲೆ, ಶಾಲೆಯ ಚೀಲಕ್ಕೆ ತಲೆ ಕೊಟ್ಟು ಚೂಟಿ ಅಂಗಾತ ಮಲಗಿದ್ದಳು. ಪಕ್ಕದಲ್ಲಿ ಬಣ್ಣದ ಪೆನ್ಸಿಲ್ಲು, ಊಟದ ಡಬ್ಬಿ. ಮಗುವಿನ ಸೊಂಟಕ್ಕೆ ಟವೆಲ್ ಸುತ್ತಿ ಅದರ ತುದಿಯನ್ನು ಸೀಟಿನ ಕಾಲಿಗೆ ಬಿಗಿದಿತ್ತು.

ಕನ್ನಡಿಯಲ್ಲಿ ಹೆಂಡತಿಯನ್ನು ಕಂಡವನ ಮುಖ ಬಿಳಿಚಿಕೊಂಡಿತು.

"ರಜೆ ಸಿಗ್ಲಿಲ್ಲ ಕಣೇ," ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. "ನೀನು ಬರೋದ್ರೊಳಗೆ ಮುಗಿಯೋ ಶಿಫ್ಟು ಹಾಕಿಸ್ಕೊಂಡೆ. ನಿಜ ಹೇಳಿದ್ರೆ ನೀನು ಕೆಲಸ ಬಿಡ್ತಿದ್ದೆ. ಒಂಬತ್ತು ವರ್ಷ! ಕಂಡೋರ ಹತ್ತಿರ ಬಿಡ್ಲಿಲ್ಲ, ನನ್ನ ಬೆನ್ನ ಹಿಂದೇನೇ ಇಟ್ಕೊಂಡಿದೀನಿ. ಬ್ರೇಕ್ ಹಾಕಿದಾಗ ಜಾರಬಾರದು ಅಂತ ಆ ಟವೆಲ್ಲು."

ಇವನ ಮೇಲೆ ಸಿಟ್ಟು, ಗಂಟೆಯಮ್ಮನ ಮೇಲೆ ಸಿಟ್ಟು, ಆ ಟವೆಲ್ಲಿನ ಗಂಟು ನೋಡಿ ಅಳು. ಬಿಡುವು ಮುಗಿಯಲು ಇನ್ನು ಹತ್ತೇ ನಿಮಿಷವಿತ್ತು. ಅವಳು ಮಗಳ ಪಕ್ಕ ನೆಲದ ಮೇಲೆಯೇ ಕುಸಿದು ಕೂತಳು.

"ಪುಟ್ಟಾ," ಎಂದು ಕೆನ್ನೆ ಮುಟ್ಟಿದಳು. "ನಾನು ಕಣೇ."

ಚೂಟಿ ಗಡಬಡಿಸಿ ಎದ್ದು ಕೂತಳು. ಅಮ್ಮನನ್ನು ಕಂಡು ನಗಲಿಲ್ಲ, ತೋಳಿಗೆ ಬೀಳಲಿಲ್ಲ. ಪೆನ್ಸಿಲ್ಲುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟು, ಮೇಲಿನ ಕನ್ನಡಿಯಲ್ಲಿ ಅಪ್ಪನ ಕಣ್ಣು ಹುಡುಕಿದಳು. ಆಮೇಲೆ, ತಿರುವಿನಲ್ಲಿ ವಾಲುತ್ತಿದ್ದ ಬಸ್ಸಿನಲ್ಲಿ ಅಮ್ಮನ ಭುಜ ಹಿಡಿದುಕೊಂಡು, ಅವಳ ಮುಖವನ್ನೇ ನೋಡುತ್ತಾ ಕಲಿತ ಪಾಠ ಒಪ್ಪಿಸುವಂತೆ ಹೇಳಿದಳು:

"ನಾನು ಮನೇಲೇ ಇದೀನಮ್ಮಾ. ಚಿತ್ರ ಬರೆದೆ, ಊಟ ಮಾಡಿದೆ, ಮಲ್ಕೊಂಡೆ."