ಸಮ್ ಗುರುಗಳದು

ನವಲಗುಂದದ ಪಂಡಿತ ಶಂಭುಲಿಂಗಪ್ಪನವರಿಗೆ ಎಂಬತ್ತರ ವಯಸ್ಸಿನಲ್ಲೂ ಮೇಲಿನ ಷಡ್ಜ ಲೀಲಾಜಾಲವಾಗಿ ಹತ್ತುತ್ತದೆ ಎಂದು ಊರೂರಲ್ಲಿ ಜನ ಹೊಗಳುತ್ತಿದ್ದರು. ಹತ್ತುತ್ತಿದ್ದುದು ಫಕೀರವ್ವನ ದನಿ. ಪಂಡಿತರು ಕಿವಿಯ ಮೇಲೆ ಕೈಯಿಟ್ಟು ಬಾಯಿ ತೆರೆದರೆ ಸಾಕು, ಬೆನ್ನ ಹಿಂದೆ ತಂಬೂರಿ ಹಿಡಿದು ಕುಳಿತ ಫಕೀರವ್ವ ಆ ಸ್ವರ ಹಚ್ಚುತ್ತಿದ್ದಳು. ಅವರು ಬಾಯಿ ಮುಚ್ಚಿದಾಗ ಈಕೆಯೂ ನಿಲ್ಲಿಸಬೇಕು. ಚಪ್ಪಾಳೆಯೆಲ್ಲ ಮುಂದೆ ಕುಳಿತವರಿಗೆ. ಇಷ್ಟು ಜನರಲ್ಲಿ ಒಬ್ಬರಿಗೂ ಇದು ಗೊತ್ತಾಗಲಿಲ್ಲ ಎಂದರೆ ಯಾರು ನಂಬಬೇಕು? ಗೊತ್ತಾದವರಿಗೂ ಅದು ಬೇಕಿರಲಿಲ್ಲ, ಅಷ್ಟೇ.

ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತು ಹಡೆದ ಮಗಳೆಂದು ಅವ್ವ ಇಟ್ಟ ಹೆಸರು ಫಕೀರವ್ವ. ಮೊರಬದ ಕೇರಿಯ ಭಜನೆಯಲ್ಲಿ ಅವಳ ದನಿ ಕೇಳಿ ಪಂಡಿತರೇ ಕರೆತಂದಿದ್ದರು. ಅದು ಅವರ ದೊಡ್ಡತನ, ಇಲ್ಲವೆನ್ನಲಾಗದು. ಪಡಸಾಲೆಯ ತನಕ ಕರೆದರು, ಅದರಾಚೆಗೆ ಎಂದೂ ಕರೆಯಲಿಲ್ಲ. ಕಲಿಸುವಾಗಲೇ ಒಂದು ಕಟ್ಟಳೆಯನ್ನೂ ಹಾಕಿದರು. ತಾಳದ ಸುತ್ತು ಮುಗಿದು ಮತ್ತೆ ಮೊದಲ ಪೆಟ್ಟಿಗೆ ಬಂದು ಬೀಳುವ ಜಾಗಕ್ಕೆ ಸಮ್ ಎನ್ನುತ್ತಾರೆ. ಇಡೀ ಸಭೆ ತಲೆದೂಗುವುದು ಅಲ್ಲೇ, ವಾಹ್ ಎನ್ನುವುದೂ ಅಲ್ಲೇ.

"ಹಿಂದ ಕುಂತಾಕಿ ನಡುವಿಂದೆಲ್ಲಾ ತುಂಬಬೇಕು. ಸಮ್ ಬಂತಂದ್ರ ಬಾಯಿ ಮುಚ್ಚಬೇಕು. ಸಮ್ ಗುರುಗಳದು, ತಿಳೀತಿಲ್ಲೋ?" ಎಂದಿದ್ದರು ಪಂಡಿತರು.

"ತಿಳೀತ್ರಿ" ಎಂದಿದ್ದಳು ಹುಡುಗಿ. ಆ ಹುಡುಗಿಯ ತಲೆಗೂದಲು ಬೆಳ್ಳಗಾಗುವವರೆಗೂ ಸಮ್ ಗುರುಗಳದೇ ಆಗಿತ್ತು.

ಹೋದ ವರ್ಷ ಪಂಡಿತರ ದನಿ ಪೂರ್ತಿ ಬಿತ್ತು. ಮಗ ಗೌರೀಶ ಅವರ ಜಾಗಕ್ಕೆ ಬಂದ. ಅವನಿಗೆ ಜರಿಯಂಚಿನ ಶಾಲು ಚೆನ್ನಾಗಿ ಒಪ್ಪುತ್ತಿತ್ತು. ಅವನಪ್ಪನಿಗೆ ಇಳಿವಯಸ್ಸಿನಲ್ಲಿ ಕೈಕೊಟ್ಟ ಮೇಲಿನ ಸ್ವರ ಮಾತ್ರ ಅವನಿಗೆ ಹುಟ್ಟಿನಿಂದಲೇ ಕೈಕೊಟ್ಟಿತ್ತು. ಈ ಸಲ ಊರವರು ಪಂಡಿತರಿಗೆ ಸನ್ಮಾನ, ಅದರ ಜೊತೆ ಗೌರೀಶನ ಗಾಯನ ಇಟ್ಟುಕೊಂಡಾಗ, ಫಕೀರವ್ವ ಜೀವಮಾನದಲ್ಲೇ ಮೊದಲ ಸಲ ಏನನ್ನೋ ಕೇಳಿದಳು.

"ಒಮ್ಮಿ ಮುಂದ ಕುಂತ ಹಾಡತೇನ್ರಿ ಗುರುಗಳ. ನನ್ನ ಹೆಸರಿಲೆ. ಆಮ್ಯಾಲೆ ಸಾಯೂತನಕಾ ಗೌರೀಶಣ್ಣಾರ ಹಿಂದ ಕುಂದರತೇನಿ."

"ಈ ವಯಸ್ಸಿನ್ಯಾಗ ಯಾಕಬೇ ನಿನಗದು?"

"ಆಶಾ ಐತ್ರಿ."

ಮಗನ ದಾರಿ ಸುಗಮವಾಯಿತೆಂದು ಮುದುಕರಿಗೆ ಒಳಗೊಳಗೇ ಸಮಾಧಾನವಾಯಿತು. "ಆತು. ನಾಕ ಗಂಟೇಕ್ಕ ಹಾಡಿಬಿಡು" ಎಂದರು. ಉಳಿದ ಆಯುಷ್ಯವನ್ನೆಲ್ಲ ಒತ್ತೆಯಿಟ್ಟು ಅವಳು ಒಂದು ಮಧ್ಯಾಹ್ನವನ್ನು ಪಡೆದುಕೊಂಡಳು.

ಸನ್ಮಾನದ ದಿನ ಸಭಾಭವನ ತುಂಬಿತ್ತು. ಮುಂದೆ ಕುಳಿತಾಗ ಫಕೀರವ್ವನಿಗೆ ಮೊದಲು ಹೆದರಿಕೆಯಾಯಿತು. ಕಣ್ಣೆದುರಿಗೆ ಯಾವತ್ತೂ ಇರುತ್ತಿದ್ದ ಆ ಬೆನ್ನು ಇರಲಿಲ್ಲ, ಬರೀ ಮುಖಗಳು. ಮುಲ್ತಾನಿ ರಾಗ ಹಿಡಿದಳು. ನಾಲ್ಕು ಸ್ವರ ಹಾಡುವಷ್ಟರಲ್ಲಿ ಹೆದರಿಕೆ ಹೋಗಿ ಸಂತೋಷವಾಯಿತು, ಅಳು ಬರುವಷ್ಟು ಸಂತೋಷ. ತಬಲಾದ ಮಾಬುಸಾಬ ತಾಳದ ಠೇಕಾ ಹಿಡಿದ. ಫಕೀರವ್ವ ಬಂದಿಶ್ ಹಾಡಿನ ಸಾಲು ಎತ್ತಿ, ಏರಿಸಿ, ಇಳಿಸಿ ಸಮ್ಮಿನ ಹೊಸ್ತಿಲಿಗೆ ತಂದಳು. ಜನ ತಲೆದೂಗಲು ಸಜ್ಜಾದರು. ತಬಲಾದ ಪೆಟ್ಟು ಬಿತ್ತು. ಫಕೀರವ್ವನ ಬಾಯಿ ತಂತಾನೇ ಮುಚ್ಚಿಕೊಂಡಿತ್ತು.

ರೂಢಿ. ಮತ್ತೇನೂ ಅಲ್ಲ, ಹಾಳು ರೂಢಿ. ತಪ್ಪಿದ್ದು ಗೊತ್ತಾಗಿ ಅವಳು ಮತ್ತೆ ಸಾಲು ಎತ್ತಿಕೊಳ್ಳಹೋದಳು.

ಮೊದಲ ಸಾಲಿನಲ್ಲಿದ್ದ ಪಂಡಿತರು ಕೋಲೂರಿ ಎದ್ದು ನಿಂತರು. "ನೋಡ್ರಿ! ಶಿಷ್ಯಾ ಅಂದ್ರ ಹಿಂಗಿರಬೇಕು. ನಾ ಹಾಡದಿದ್ರೂ ನನ್ನ ಜಾಗಾ ನನಗ ಬಿಟ್ಟಾಳ!"

ಭವನಕ್ಕೆ ಭವನವೇ ಚಪ್ಪಾಳೆ ತಟ್ಟಿತು. ಹೆಂಗಸರು ಕಣ್ಣೊರೆಸಿಕೊಂಡರು. ಅವಳ ಜೀವಮಾನದಲ್ಲಿ ಅವಳಿಗೆಂದೇ ಬಿದ್ದ ಮೊದಲ ಚಪ್ಪಾಳೆ ಅದು, ಅದೂ ಹಾಡದೆ ಇದ್ದುದಕ್ಕೆ.

ಯಾರೋ ಪಂಡಿತರ ಕೈಗೆ ಮೈಕ್ ಕೊಟ್ಟರು. "ಹೂಂ, ಹಾಡಬೇ. ಸಮ್ ನಾ ಹಾಕತೇನಿ" ಎಂದರು. ಮುಂದಿನ ಸುತ್ತಿನಲ್ಲಿ ಅವರ ಒಡಕು ದನಿ ಸಮ್ಮಿನ ಮೇಲೆ ಬಿತ್ತು. ಜನ ವಾಹ್ ವಾಹ್ ಎಂದು ಹುಚ್ಚೆದ್ದರು. ತಪ್ಪಾತ್ರಿ, ಮರತು ಬಿಟ್ಟೆ ಎಂದು ಕೂಗಿ ಹೇಳಬೇಕೆನಿಸಿತು ಅವಳಿಗೆ. ಕೇಳುವವರು ಯಾರಿದ್ದರು?

ಮೂರನೆಯ ಸಲ ಅವಳು ಬಿಡಲಿಲ್ಲ. ಪಂಡಿತರು ಮೈಕ್ ಬಾಯಿಗೆ ತರುವ ಮೊದಲೇ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ, ತುಂಬು ದನಿಯಲ್ಲಿ ಸಮ್ ಹಾಡಿದಳು.

ಯಾರೂ ತಲೆದೂಗಲಿಲ್ಲ. ಪಂಡಿತರ ಕೈಯ ಮೈಕ್ ಅರ್ಧಕ್ಕೇ ನಿಂತಿತ್ತು. ಹಿಂದಿನ ಸಾಲಿನಿಂದ, "ಎಷ್ಟ್ ಸೊಕ್ಕರೀ ಈಕೀದು! ಗುರುವಿಗೇ ಎದುರು ಹಾಡೂದ?" ಎಂದು ಒಬ್ಬರು ಅಂದರು. ಆ ಸಮ್ ಎಂಥದೆಂದು ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಮಾಬುಸಾಬ. ಅವನೂ ತಲೆ ತಗ್ಗಿಸಿ ತಬಲಾದ ಬಾರು ಬಿಗಿಮಾಡಿಕೊಂಡ. ಅವನು ಇನ್ನು ನುಡಿಸಬೇಕಾದ ಕಾರ್ಯಕ್ರಮಗಳೆಲ್ಲ ಗೌರೀಶನವು.

ಗೌರೀಶ ವೇದಿಕೆಗೆ ಬಂದ. "ಸಾಕ ಬಿಡಬೇ ಅಕ್ಕಾ. ಅಪ್ಪಾರಿಗೆ ಬ್ಯಾಸರಾಗೇತಿ. ಏಳು, ಹಿಂದ ಸರಿ."

ಫಕೀರವ್ವ ಎದ್ದಳು. ಹಿಂದೆ ಸರಿದು ಕುಳಿತು ತಂಬೂರಿ ತೊಡೆಗೆ ಆನಿಸಿಕೊಂಡಳು. ಗೌರೀಶ ಶಾಲು ಸರಿಮಾಡಿಕೊಂಡು ಹಾಡತೊಡಗಿದ. ಮೇಲಿನ ಷಡ್ಜದ ಹೊತ್ತಿಗೆ ಅಪ್ಪನ ಹಾಗೆಯೇ ಕಿವಿಯ ಮೇಲೆ ಕೈಯಿಟ್ಟು ಬಾಯಿ ತೆರೆದ.

ಹಿಂದಿನಿಂದ ತಂಬೂರಿಯ ತಂತಿ ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದೆ ಕುಳಿತುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದಳು, ಕುಳಿತಿದ್ದಳು. ತೆರೆದ ಬಾಯಿಯನ್ನು ಮುಚ್ಚಲಾಗದೆ ಗೌರೀಶ ತಾನೇ ಆ ಸ್ವರಕ್ಕೆ ಕೈಹಾಕಿದ. ಗಂಟಲು ಕಿರ್ರೆಂದಿತು. ಮೊದಲ ಸಾಲಿನಲ್ಲಿ ಪಂಡಿತರು ಮುಖ ಕೆಳಗೆ ಹಾಕಿದರು. ಈಗಲಾದರೂ ಇವರಿಗೆ ತಿಳಿದೀತು ಎಂದು ಫಕೀರವ್ವ ಸಭೆಯ ಕಡೆ ನೋಡಿದಳು.

"ಪಾಪ," ಎಂದಳು ಮುಂದಿದ್ದ ಹೆಂಗಸೊಬ್ಬಳು, ಎಲ್ಲರಿಗೂ ಕೇಳುವಂತೆ. "ಆ ಸೊಕ್ಕಿನಾಕಿಯಿಂದ ಹುಡುಗನ ಮನಸ್ಸು ಕೆಟ್ಟು ದನೀನ ಹೋತು ನೋಡ್ರಿ."

ಅವನಿಗೆ ಧೈರ್ಯ ತುಂಬಲೆಂದು ಜನ ಚಪ್ಪಾಳೆ ತಟ್ಟಿದರು.