ಭಾವ ಹಾಕಿದ ತೇಪೆ

ಗಿಟಾರಿನ ತಂತಿ ಮೀಟಿದ ಕೂಡಲೇ ಮೆಣಸಿಗೆ ಗೊತ್ತಾಯಿತು, ಯಾರೋ ತನ್ನ ಸ್ಪೀಕರಿನ ಕತ್ತು ಹಿಸುಕಿದ್ದಾರೆ.

ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಮನೆಯವರು ಇಟ್ಟ ಅಡ್ಡಹೆಸರು ಮೆಣಸು. ಹೊಟ್ಟೆಪಾಡಿಗೆ ಬಟ್ಟೆ ಹೊಲಿಯುವವಳು. ಭಾನುವಾರ ಬಂತೆಂದರೆ ಭಾವನ ಗ್ಯಾರೇಜಿನ ಬಾಗಿಲು ಎಳೆದುಕೊಂಡು ಅಕ್ಕ ತಂಗಿ ಇಬ್ಬರದೇ ಒಂದು ರಾಕ್ ಬ್ಯಾಂಡ್. ತಂಗಿಯದು ಗಿಟಾರು, ಹಾಡು, ಅಕ್ಕನದು ಡ್ರಮ್ಸು. ಅವರ ಬಂಡವಾಳವೆಂದರೆ ಗುಜರಿಯಲ್ಲಿ ಸಿಕ್ಕ ಹಳೆಯ ಸ್ಪೀಕರು. ಅದರೊಳಗೆ ಅದುರಿ ಸದ್ದು ಹೊರಡಿಸುವ ಕಾಗದದ ತಟ್ಟೆ ಹರಿದಿತ್ತು. ಗಿಟಾರಿನ ದನಿ ಅದರೊಳಗೆ ಹಾದು ಬಂದರೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ಯೆನ್ನುತ್ತಿತ್ತು, ಒರಟು ಕಂಬಳಿ ಮೈಗೆ ತಾಗಿದ ಹಾಗೆ.

ಆ ಸದ್ದನ್ನು ನಂಬಿಕೊಂಡೇ ಹೊಸ ಆಲ್ಬಂಗೆ ಕೈ ಹಾಕಿದ್ದರು. ಅದರಲ್ಲೊಂದು ಜೋಗುಳ ನಡುವೆಯೇ ಎದ್ದು ಕುಣಿಯತೊಡಗುತ್ತದೆ. ಪ್ರೇಮಗೀತೆಯೊಂದನ್ನು ಎಣ್ಣೆ ಹುಯ್ಯುವ ಆಲಿಕೆಗೆ ಬಾಯಿಟ್ಟು ಹಾಡಿದ್ದಾರೆ. ಇನ್ನೊಂದಕ್ಕೆ ತಾಳ ಹೊಲಿಗೆಯಂತ್ರದ್ದೇ. "ಇದು ಯಾವ ಥರದ ಸಂಗೀತ?" ಎಂದು ರೇಡಿಯೊದವನೊಬ್ಬ ಕೇಳಿದಾಗ ಅಕ್ಕ, "ಬೀದಿ ನಾಯಿ ಸ್ವಾಮಿ. ತಳಿ ಕೇಳ್ಬೇಡಿ, ಬಾಲ ಅಲ್ಲಾಡಿಸತ್ತೆ, ಅಷ್ಟು ನೋಡಿ," ಅಂದಿದ್ದಳು.

ಉಳಿದದ್ದು ಕೊನೆಯ ಹಾಡು. ರೆಕಾರ್ಡಿಂಗ್ ಯಂತ್ರ ಎರವಲು ತಂದದ್ದು, ಸಂಜೆಗೆ ಹಿಂತಿರುಗಿಸಬೇಕು. ಇಂಥ ಹೊತ್ತಿನಲ್ಲಿ ಗಿಟಾರು ತೊಳೆದಿಟ್ಟ ಲೋಟದ ಹಾಗೆ ಠಣ್ಣೆಂದಿತು.

"ಯಾರು ಮುಟ್ಟಿದ್ದು ಇದನ್ನ?"

ಭಾವ ಕೈ ಒರೆಸಿಕೊಳ್ಳುತ್ತ ಬಂದ. ಮುಖ ಅರಳಿತ್ತು. "ಹೆಂಗಿದೆ? ನಿನ್ನೆ ಬಿಚ್ಚಿ ನೋಡಿದೆ. ಪಾಪ, ಹರಿದುಹೋಗಿತ್ತು ಕಣಮ್ಮ. ತೆಳ್ಳಗೆ ಕಾಗದ ಇಟ್ಟು, ಪಂಕ್ಚರ್ ಹಾಕೋ ಸಲ್ಯೂಶನ್ ಹಚ್ಚಿದೆ. ಗೆರೇನೂ ಕಾಣಲ್ಲ."

"ಹರಿದಿದೆ ಅಂತ ನಂಗೊತ್ತಿರಲಿಲ್ವಾ ಭಾವ? ನಂದೇನು ಕಣ್ಣಾ, ಅಂಗಿ ಗುಂಡಿನಾ?"

"ಆಲ್ಬಂ ಮುಗೀತಿದೆಯಲ್ಲ, ನನ್ನ ಕಡೆಯಿಂದ ಏನಾದ್ರೂ ಇರಲಿ ಅಂತ..."

ಭಾವನ ಚಾಳಿಯೇ ಅದು. ಸದ್ದು ಮಾಡುವ ಯಾವುದನ್ನೂ ಅವನ ಕೈ ಸುಮ್ಮನೆ ಬಿಡದು. ನೆಂಟರ ಮನೆಗೆ ಹೋದರೂ ಕುಶಲ ಕೇಳುವ ಮೊದಲು ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟಿರುತ್ತಾನೆ.

"ನಿಮಗೆ ಸದ್ದಂದ್ರೆ ಕಾಯಿಲೆ!" ಮೆಣಸಿನ ದನಿ ಏರಿತು. "ಹುಟ್ಟಿದಾಗಿನಿಂದ ಇದೇ ಆಯ್ತು. ಮೆತ್ತಗೆ ಮಾತಾಡೇ, ಮೆತ್ತಗೆ ನಡಿಯೇ, ಮೆತ್ತಗೆ ನಗೇ. ನಾನು ಮೆತ್ತಗಿಲ್ಲದೇ ಇರೋ ಜಾಗ ಇದೊಂದಿತ್ತು ಭಾವ. ಅದಕ್ಕೂ ತೇಪೆ ಹಾಕಿದ್ರಲ್ಲ!"

ಭಾವನಿಗೂ ರೇಗಿತು. "ಕೆಟ್ಟಿದ್ದನ್ನ ಸರಿ ಮಾಡೋದೂ ತಪ್ಪಾ? ನನ್ನ ಗ್ಯಾರೇಜಲ್ಲಿ ನಿಂತು ನನಗೇ ಬೈತೀಯಲ್ಲೇ!"

ಮೆಣಸು ಚೀಲಕ್ಕೆ ಕೈ ಹಾಕಿ ಬಟ್ಟೆ ಕತ್ತರಿಸುವ ಕತ್ತರಿ ಎಳೆದಳು. "ಏಯ್, ತಡಿಯೇ," ಎಂದು ಅಕ್ಕ ಡ್ರಮ್ಮಿನ ಹಿಂದಿನಿಂದ ಏಳುವಷ್ಟರಲ್ಲಿ ಸ್ಪೀಕರಿನ ತಟ್ಟೆಯನ್ನು ತೇಪೆಯ ಮಗ್ಗುಲಿಗೇ ಚರ್ರೆಂದು ಸೀಳಿಯಾಗಿತ್ತು. ಮೀಟಿದಳು. ಜೇನುಗೂಡೂ ಇಲ್ಲ, ಲೋಟವೂ ಇಲ್ಲ. ನೆಗಡಿಯಾದವನ ಮೂಗಿನ ಹಾಗೆ ಪರಪರ ಎಂದು ಸುಮ್ಮನಾಯಿತು. ಈ ಸಲ ಕೆಡಿಸಿದ್ದು ತಾನೇ. ಬೈಯಲು ಬೇರೆ ಯಾರೂ ಇಲ್ಲವೆಂದು ಸಿಟ್ಟು ಇಮ್ಮಡಿಯಾಯಿತು.

"ಸಿಟ್ಟಲ್ಲಿ ಕೊಯ್ದ ಮೂಗು," ಎಂದು ಅಕ್ಕ ಶುರು ಮಾಡಿದಳು.

"ನೀನು ಸುಮ್ನಿರಕ್ಕ. ಗಾದೆ ಕೇಳೋಕೆ ಪುರುಸೊತ್ತಿಲ್ಲ."

ಭಾವ ಸ್ಪೀಕರಿನ ಮುಂದೆ ಮಂಡಿಯೂರಿದ. ಹೊಸ ಸೀಳಿನ ಒಂದು ಅಂಚಿಗೆ ಹೆಬ್ಬೆರಳಿಟ್ಟ. "ಮೀಟು."

"ಯಾಕೆ?"

"ಮೀಟಮ್ಮ. ಹಳೇ ಹರುಕಲ್ಲಿ ಒಂದು ಅಂಚು ಬಿಗಿ ಇತ್ತು, ಇನ್ನೊಂದು ಸಡಿಲ. ನೀನು ಎರಡನ್ನೂ ಸಡಿಲ ಮಾಡಿಟ್ಟಿದೀಯ."

ಮೀಟಿದಳು. ಹೆಬ್ಬೆರಳು ಒತ್ತಿತು. ಗುಂಯ್ಯೆಂದು ಜೇನುಗೂಡು ತಿರುಗಿ ಬಂತು, ಮೊದಲಿಗಿಂತ ಕೆರಳಿ.

"ಕೈ ತೆಗೀಬೇಡಿ."

"ಹಾಡು ಮುಗಿಯೋ ತನಕಾನಾ? ನನ್ನ ಮಂಡಿ..."

"ಮಂಡಿಗೆ ಎಣ್ಣೆ ಬಿಟ್ಕೊಳ್ಳಿ. ಅಕ್ಕಾ, ಯಂತ್ರ ಹಾಕು!"

ನಿಧಾನವಾಗಿ ಸಾಗಬೇಕಿದ್ದ ಹಾಡು ಅವಳ ಕೈಯಲ್ಲಿ ಹಲ್ಲು ಕಚ್ಚಿ ಓಡಿತು. ಅಕ್ಕ ಬೆವರಿಳಿಸಿಕೊಂಡು ಬೆನ್ನಟ್ಟಿದಳು. ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳೆಲ್ಲ ಕಿಣಿಕಿಣಿ ಎಂದವು. ಕೊನೆಯ ಮೀಟು ಇನ್ನೂ ಗುಂಯ್ಗುಡುತ್ತಿದ್ದಾಗ ಮೆಣಸು ಕಣ್ಣು ತೆರೆದಳು. ಭಾವನ ಬಲಗೈ ಹೇಳಿದ ಜಾಗದಲ್ಲೇ ಇತ್ತು. ಎಡಗೈ ಮಾತ್ರ ತನ್ನಷ್ಟಕ್ಕೆ ನೆಲ ತಡಕಿ ಸಲ್ಯೂಶನ್ನಿನ ಟ್ಯೂಬು ಹಿಡಿದಿತ್ತು. ಅವನು ಅದರ ಮುಚ್ಚಳವನ್ನು ಹಲ್ಲಿನಿಂದ ತಿರುಗಿಸುತ್ತಿದ್ದ.

"ಭಾವಾ!"

ಚಾವಣಿಯ ತಗಡು ನಡುಗಿತು. ಯಂತ್ರ ಇನ್ನೂ ಓಡುತ್ತಲೇ ಇತ್ತು.

"ಇನ್ನೊಂದ್ಸಲ ಮಾಡೋಣ್ವಾ?" ಅಕ್ಕ ಮೆಲ್ಲನೆ ಕೇಳಿದಳು.

ಮೆಣಸು ರೆಕಾರ್ಡಾದದ್ದನ್ನು ಮೊದಲಿನಿಂದ ಹಾಕಿ ಕೇಳಿದಳು. ಹಾಡಿನ ತುದಿಯಲ್ಲಿ ಆ ಕೂಗು ಬಂದಾಗ ಅವಳ ಮೈಯೇ ಜುಮ್ಮೆಂದಿತು. "ಬೇಡ. ಇಷ್ಟು ಜೋರಾಗಿ ನಾನೆಲ್ಲೂ ಹಾಡಿಲ್ಲ. ಯಾರಾದ್ರೂ ತೆಗೆದ್ರೆ ಕೈ ಮುರೀತೀನಿ."

"ಹಂಗಾದ್ರೆ ಆಲ್ಬಮ್ಮಲ್ಲಿ ನಾನೂ ಬಂದೆ," ಎಂದ ಭಾವ, ಮಂಡಿ ತಿಕ್ಕಿಕೊಳ್ಳುತ್ತ.

"ನನ್ನ ಹತ್ರ ಮಾತಾಡ್ಬೇಡಿ." ಟ್ಯೂಬು ಕಸಿದು ಚೀಲಕ್ಕೆ ಹಾಕಿಕೊಂಡಳು. ಊರಿಗೆಲ್ಲ ಕೇಳುವಂತೆ ದಢಾರನೆ ತೆರೆಯಬೇಕೆಂದು ಗ್ಯಾರೇಜಿನ ಬಾಗಿಲನ್ನು ಎರಡೂ ಕೈಯಲ್ಲಿ ಜಗ್ಗಿದಳು.

ಅದು ಬೆಣ್ಣೆಯ ಹಾಗೆ ಜಾರಿತು. ಒಂದು ಚೂರೂ ಸದ್ದಿಲ್ಲ.