ಮಾರಾಟಕ್ಕಲ್ಲದ ತಟ್ಟೆ

ರಮಾಕಾಂತರು ಅರ್ಧ ಕಿಲೋ ಬದನೆಕಾಯಿ ಕೇಳಿದರೂ ಒಂದು ಸಭೆಯನ್ನುದ್ದೇಶಿಸಿ ಕೇಳಿದಂತಿರುತ್ತಿತ್ತು. ಮೊದಲು ಗಂಟಲು ಸರಿಪಡಿಸಿಕೊಳ್ಳುವರು, ಒಂದು ಕ್ಷಣ ತಡೆಯುವರು, ಆಮೇಲೆ ಪ್ರತಿ ಮಾತಿನ ಕೊನೆಯ ಸ್ವರವನ್ನು ಅಂಗೈಯಲ್ಲಿ ಹಿಡಿದು ನೆಲಕ್ಕಿಳಿಸಿದಷ್ಟು ಜೋಪಾನವಾಗಿ, 'ದಯಚೇಸಿ... ಅರ ಕಿಲೋ... ವಂಕಾಯಲು...' ಎನ್ನುವರು. ವಿಶಾಖಪಟ್ಟಣದ ಪೆಂಡುರ್ತಿಯ ತರಕಾರಿ ಸಾಲಿನ ಗಂಗಾಭವಾನಿ ಅವರನ್ನು ದೂರದಿಂದ ಕಂಡೊಡನೆಯೇ, 'ರೇಡಿಯೋಗಾರು ವಚ್ಚಾರು! ಅಂದರೂ ವಾರ್ತಲು ವಿನಂಡಿ!' ಎಂದು ಸಾಲಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ರೇಡಿಯೋದವರು ಬಂದರು, ಎಲ್ಲರೂ ವಾರ್ತೆ ಕೇಳಿ. ರಮಾಕಾಂತರು ನಗುತ್ತಿದ್ದರು. ತಮ್ಮ ಆ ತೆಲುಗಿನ ಮೇಲೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು.

ನಡಿಗೆಯಲ್ಲೂ ಒಂದು ವಿಶೇಷವಿತ್ತು. ಅವರ ಎಡಗೈ ಬೀಸುತ್ತಿರಲಿಲ್ಲ. ಬರಿಗೈಯಲ್ಲಿ ಹೊರಟಾಗಲೂ, ಚಪ್ಪಟೆಯಾದ, ಬಾಗಿದರೆ ಮುರಿಯುವ ಯಾವುದೋ ವಸ್ತು ಕಂಕುಳಲ್ಲಿದೆಯೆಂಬಂತೆ ಪಕ್ಕೆಗೆ ಒತ್ತಿಕೊಂಡೇ ಇರುತ್ತಿತ್ತು. ಗದಗಿನಿಂದ ಇಪ್ಪತ್ತೈದರ ಹರೆಯದಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಬಂದು, ಮುಂದೆ ವಿಶಾಖಪಟ್ಟಣಕ್ಕೆ ಬದಲಾಗಿ, ನಿವೃತ್ತಿಯ ನಂತರ ಇಲ್ಲಿಯೇ ಉಳಿದುಬಿಟ್ಟ ಈ ಮನುಷ್ಯ ಬದುಕಿನುದ್ದಕ್ಕೂ ಕಂಕುಳಲ್ಲಿಟ್ಟುಕೊಂಡು ನಡೆದದ್ದು ಒಂದೇ ಬಗೆಯ ವಸ್ತುವನ್ನು.

ಅದು ಗ್ರಾಮಫೋನ್ ತಟ್ಟೆ. ಎಲ್ಲ ತಟ್ಟೆಗಳೂ ಅಲ್ಲ. ಹಿಂದೆ ಕಂಪನಿಗಳು ಹೊಸ ರೆಕಾರ್ಡುಗಳನ್ನು ಮಾರುಕಟ್ಟೆಗೆ ಬಿಡುವ ಮುನ್ನ ಅವುಗಳಿಂದ ಒಂದೊಂದು ಹಾಡನ್ನು ಆಯ್ದು, ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಸೇರಿಸಿ, ಅಂಗಡಿಕಾರರಿಗೂ ಆಕಾಶವಾಣಿಗೂ ಮಾದರಿಯಾಗಿ ಕಳಿಸುತ್ತಿದ್ದವು. ಚಿತ್ರವಿಲ್ಲದ ಬಿಳಿ ಹೊದಿಕೆ, ಅದರ ಮೇಲೆ 'ಮಾರಾಟಕ್ಕಲ್ಲ' ಎಂಬ ಮುದ್ರೆ. ರಮಾಕಾಂತರ ಬೀರುವಿನಲ್ಲಿ ಅಂಥವೇ ಇನ್ನೂರಕ್ಕೂ ಹೆಚ್ಚಿದ್ದವು. ಏಕೆ ಇವನ್ನೇ ಎಂದು ನಾನೊಮ್ಮೆ ಕೇಳಿದಾಗ, 'ಮಾರಾಕಿಟ್ಟದ್ದು ಯಾರಿಗಿದ್ರೂ ಸಿಗತದರೀ ಅಕ್ಕಾರ. ಮಾರೂದಲ್ಲ ಅಂತ ಬರದದ್ದು ಕೈಗೆ ಬರಬೇಕಂದ್ರ ಪುಣ್ಯಾ ಬೇಕು' ಎಂದಿದ್ದರು.

ಆ ಪುಣ್ಯದ ಮೊದಲ ಕಂತಿನ ಕಥೆ ನಮ್ಮ ಕನ್ನಡಿಗರ ಕೂಟಗಳಲ್ಲೆಲ್ಲ ಪ್ರಸಿದ್ಧ. ಅವರು ವಿಜಯವಾಡಕ್ಕೆ ಬಂದ ಹೊಸತು. ತೆಲುಗು ಇನ್ನೂ ಕಿವಿಗೆ ಹತ್ತಿರಲಿಲ್ಲ. ಒಂದು ರೆಕಾರ್ಡ್ ಅಂಗಡಿ ಮುಚ್ಚುತ್ತಿತ್ತು. ಯಜಮಾನ ತೀರಿಕೊಂಡಿದ್ದ, ಹೆಂಡತಿ ಸೀತಾಮಹಾಲಕ್ಷ್ಮಿ ಉಳಿದ ಸರಕನ್ನು ಮಾರುತ್ತಿದ್ದಳು. ಮೂಲೆಯಲ್ಲಿ ಬೇರೆಯಾಗಿಟ್ಟಿದ್ದ ಬಿಳಿ ಹೊದಿಕೆಯ ತಟ್ಟೆಯೊಂದನ್ನು ಇವರು ತೋರಿಸಿದರೆ ಆಕೆ, 'ಅದಿ ಅಮ್ಮನು' ಎಂದಳು. ತೆಲುಗಿನಲ್ಲಿ ಹಾಗೆಂದರೆ 'ಅದನ್ನು ಮಾರುವುದಿಲ್ಲ' ಎಂದರ್ಥ. ನಮ್ಮ ಗದಗಿನ ಕಿವಿಗೆ ಅದು 'ಅದು ಅಮ್ಮನದು' ಎಂದು ಕೇಳಿಸಿತು. ಅಮ್ಮನದಾದರೆ ಅಮ್ಮನನ್ನೇ ಕೇಳೋಣವೆಂದು, ಬಾಗಿಲ ಬಳಿ ಕುಳಿತಿದ್ದ ಆಕೆಯ ಅತ್ತೆಗೆ ಇವರು ಕೈ ಮುಗಿದು ಸನ್ನೆ ಮಾಡಿದರು. ಆ ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕು, 'ತೀಸ್ಕೋ ನಾಯನಾ', ತಗೋ ಮಗನೇ, ಎಂದುಬಿಟ್ಟಳು. ತಟ್ಟೆ ಇವರದಾಯಿತು.

ಆ ತಟ್ಟೆಯಲ್ಲಿ ಹಾಡು ಹಾಡಿನ ನಡುವೆ ಗಂಡು ದನಿಯೊಂದು ಮುಂದಿನ ಹಾಡನ್ನು ಪರಿಚಯಿಸುತ್ತದೆ. ರಮಾಕಾಂತರು ತೆಲುಗು ಕಲಿತದ್ದು ಆ ದನಿಯಿಂದ. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಕುಳಿತು ಸೂಜಿಯನ್ನು ಹಿಂದಕ್ಕೆ ಮುಂದಕ್ಕೆ ಇಡುತ್ತ, ಅವನು ತಡೆದಲ್ಲಿ ತಡೆದು, ಎಳೆದಲ್ಲಿ ಎಳೆದು ಕಲಿತದ್ದು. 'ಅಮ್ಮನ' ಈ ಕಥೆಗೆ ನಗದವರಿಲ್ಲ. ಋಷಿಕೊಂಡದ ಒಂದು ಸಂತೋಷಕೂಟದಲ್ಲಿ ನಾನೇ ಇದನ್ನು ಅಭಿನಯಿಸಿ, ಚಪ್ಪಾಳೆ ಗಿಟ್ಟಿಸಿದ್ದೇನೆ. ಈಗ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

ಹೋದ ಮಾಘದ ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಊಟವಾಗಿತ್ತು. ಹೊಸದಾಗಿ ವರ್ಗವಾಗಿ ಬಂದಿದ್ದ ಬ್ಯಾಂಕಿನ ದಂಪತಿಗಳಿಗಾಗಿ ರಮಾಕಾಂತರು ಕಥೆ ತೆಗೆದರು. 'ತೀಸ್ಕೋ ನಾಯನಾ' ಬಂತು, ಎಲ್ಲರೂ ನಕ್ಕೆವು. ಅಡಿಕೆ ಕತ್ತರಿಸುತ್ತಿದ್ದ ಅವರ ಹೆಂಡತಿ ವಿಜಯಲಕ್ಷ್ಮೀ ತಲೆಯೆತ್ತದೆ ಅಂದರು:

'ಮೂವತ್ತೆಂಟ ವರ್ಷಾತು. ಅದ ಕಥಿ, ಅದ ನಗಿ. ಆ ಹೆಣ್ಣಮಗಳ ಮಾರಿ ಹೆಂಗಾಗಿತ್ತು ಅಂತ ಒಂದ ದಿನಾ ಹೇಳಲಿಲ್ಲಲ್ಲ ನೀವು?'

ರಮಾಕಾಂತರು ಗಂಟಲು ಸರಿಪಡಿಸಿಕೊಂಡರು. ಆಮೇಲೆ ಅತಿಥಿಗಳ ಕಡೆಗೆ ಎಲೆಯಡಿಕೆ ಸರಿಸಿದರು.

ಅತಿಥಿಗಳು ಹೋದ ಮೇಲೆ, ನಾನು ಚಪ್ಪಲಿ ಮೆಟ್ಟುತ್ತಿದ್ದಾಗ, ಬಾಗಿಲ ಚೌಕಟ್ಟು ಹಿಡಿದು ನಿಂತು ನೆಲ ನೋಡುತ್ತ ಹೇಳಿದರು: 'ಮಾರಿ ನೋಡಲಿಲ್ಲರೀ ಅಕ್ಕಾರ. ಕೈ ನೋಡಿದ್ದೆ. ತಟ್ಟಿ ಮ್ಯಾಲೆ ಕೈ ಇಟ್ಟಿದ್ಲು. ಅತ್ತಿ ತಗೋ ಅಂದ ಮ್ಯಾಲೂ ತೆಗೀಲಿಲ್ಲ. ನಾ ಸ್ವಲ್ಪ ಎಳದೆ. ಬಿಟ್ಲು. ಮಾತು ತಿಳೀಲಿಲ್ಲ ನನಗ, ಖರೇ. ಕೈ ತಿಳದಿತ್ತು.'

ಆಕೆಯ ವಿಳಾಸ ಹನ್ನೆರಡು ವರ್ಷದಿಂದ ತಮ್ಮ ಡೈರಿಯಲ್ಲಿದೆಯೆಂಬುದನ್ನೂ ಅವರು ಅಂದೇ ಹೇಳಿದರು. ತಟ್ಟೆ ಹಿಂದಿರುಗಿಸಲು ಒಬ್ಬರೇ ಹೋಗುವ ಧೈರ್ಯವಿಲ್ಲದೆ ನನ್ನನ್ನು ಕರೆದರು. ಹಾಸ್ಯದಲ್ಲಿ ಪಾಲು ತೆಗೆದುಕೊಂಡಿದ್ದ ನನಗೆ ಒಲ್ಲೆನೆನ್ನುವ ಮುಖವಿರಲಿಲ್ಲ.

ವಿಜಯವಾಡದ ಬೆಂಜ್ ಸರ್ಕಲ್ಲಿನ ಗದ್ದಲ ಎರಡನೆಯ ಮಹಡಿಯವರೆಗೂ ಏರಿಬರುತ್ತಿದ್ದ ಆ ಮನೆಯಲ್ಲಿ ಸೀತಾಮಹಾಲಕ್ಷ್ಮಿಯವರು ಮಗಳು ಹಾರಿಕಾಳೊಂದಿಗೆ ಇದ್ದರು. ಎಪ್ಪತ್ತೈದು ದಾಟಿದ ಸಣಕಲು ಜೀವ. ರಮಾಕಾಂತರು ಹಳೆಯ ಪರದೆಯಿಂದ ಹೊಲಿದ ಚೀಲದಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟರು. ರೈಲಿನುದ್ದಕ್ಕೂ ಮನಸ್ಸಿನಲ್ಲೇ ತಿದ್ದಿಕೊಂಡಿದ್ದ ಕ್ಷಮಾಪಣೆಯನ್ನು ತಮ್ಮ ಅತ್ಯುತ್ತಮ ತೆಲುಗಿನಲ್ಲಿ ಆರಂಭಿಸಿದರು. 'ಅಮ್ಮಾ... ಚಾಲಾ ಕಾಲಂ ಕ್ರಿತಂ... ಮೀ ದುಕಾಣಂಲೋ...' ಬಹಳ ಕಾಲದ ಹಿಂದೆ, ನಿಮ್ಮ ಅಂಗಡಿಯಲ್ಲಿ.

'ಮಳ್ಳೀ ಚೆಪ್ಪು ಬಾಬು' ಎಂದರು ಆಕೆ. ಮತ್ತೆ ಹೇಳು.

ಕಿವಿ ಮಂದವಿರಬಹುದೆಂದು ಇವರು ಇನ್ನೂ ಗಟ್ಟಿಯಾಗಿ, ಇನ್ನೂ ಸ್ಫುಟವಾಗಿ ಹೇಳಿದರು. ಅಂಗಡಿಯನ್ನು ಹೇಳಿದರು, ಅತ್ತೆಯನ್ನು ಹೇಳಿದರು, ತಾವು ಎಳೆದುಕೊಂಡದ್ದನ್ನೂ ಹೇಳಿದರು. ಆಕೆ ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ, 'ಮಳ್ಳೀ' ಎಂದರು. ಅಷ್ಟರಲ್ಲಿ ಅಡಿಗೆಮನೆಯಿಂದ ಬಂದ ಹಾರಿಕಾ ಒದ್ದೆ ಕೈಯಲ್ಲೇ ನಿಂತುಬಿಟ್ಟಿದ್ದಳು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: ಅಂಗಡಿ ಇಡುವ ಮುನ್ನ ಅಪ್ಪ ಕಂಪನಿಯ ಮಾರಾಟದ ಪ್ರತಿನಿಧಿಯಾಗಿದ್ದರು, ಆ ತಟ್ಟೆಯಲ್ಲಿ ಹಾಡುಗಳ ನಡುವೆ ಮಾತನಾಡಿರುವುದು ಅವರೇ, ಅವರ ದನಿ ಬೇರೆಲ್ಲೂ ಉಳಿದಿರಲಿಲ್ಲ. 'ಈಯನ ಮಾಟ... ಅಚ್ಚಂ ನಾನ್ನ ಮಾಟೇ.' ಇವರ ಮಾತು ಅಪ್ಪನ ಮಾತೇ.

ಸೀತಾಮಹಾಲಕ್ಷ್ಮಿಯವರು ಕಣ್ಣು ತೆರೆದರು. ಕೋಪವಿರಲಿಲ್ಲ, ತುಟಿಯಲ್ಲಿ ನಗುವಿನಂಥದೇ ಏನೋ ಇತ್ತು.

'ರಿಕಾರ್ಡು ಒಕ್ಕಟೇ ತೀಸ್ಕೆಳ್ಳಾವು ಅನುಕುನ್ನಾನು. ಮಾಟ ಕೂಡಾ ತೀಸ್ಕೆಳ್ಳಾವಾ, ನಾಯನಾ?'

ತಟ್ಟೆಯನ್ನಷ್ಟೇ ಒಯ್ದೆ ಅಂದುಕೊಂಡಿದ್ದೆ, ಮಾತನ್ನೂ ಒಯ್ದೆಯಾ ಮಗನೇ. ಹಾಗೆಂದು, ಬಿಳಿ ಹೊದಿಕೆಯ ಮೇಲೆ ಅಂಗೈಯಿಟ್ಟರು. ರಮಾಕಾಂತರು ಆ ಕೈಯನ್ನು ಈ ಸಲವೂ ನೋಡಿದರು. ನಮಸ್ಕರಿಸಿದರು. ಖಾಲಿ ಚೀಲ ಮಡಚಿಕೊಂಡು ಎದ್ದರು.

ನಿಲ್ದಾಣದಲ್ಲಿ ಚಹಾದವನ ಮುಂದೆ ನಿಂತಾಗ ಅಭ್ಯಾಸದಂತೆ ಗಂಟಲು ಸರಿಪಡಿಸಿಕೊಂಡರು, ತಡೆದರು, ಆ ತಡೆಯೇ ತಮ್ಮದಲ್ಲವೆಂದು ಹೊಳೆದಿರಬೇಕು. ನಿನ್ನೆ ಮೊನ್ನೆ ಗದಗಿನಿಂದ ಇಳಿದುಬಂದವರ ಹಾಗೆ ಎರಡು ಬೆರಳೆತ್ತಿ, 'ಟೀ... ಎರಡು... ಕಾವಾಲಿ' ಎಂದು ತೊದಲಿದರು. ಅಂದಿನಿಂದ ಗಂಗಾಭವಾನಿಯ ಸಾಲಿನಲ್ಲಿ ವಾರ್ತೆಗಳಿಲ್ಲ. ಬದನೆಕಾಯಿಯನ್ನು ಬೆರಳಲ್ಲಿ ತೋರಿಸುತ್ತಾರೆ. ಎಡಗೈ ಮಾತ್ರ ಇನ್ನೂ ಬೀಸುವುದಿಲ್ಲ.

ಕೂಡಿಡುವವರನ್ನು ನಾವು ನಿರುಪದ್ರವಿಗಳೆಂದು ತಿಳಿದು ಅಕ್ಕರೆಯಿಂದ ನಗುತ್ತೇವೆ. ಅವರ ಬೀರುಗಳಲ್ಲಿ ಧೂಳು ಒರೆಸಿಕೊಂಡು ಸುರಕ್ಷಿತವಾಗಿರುವ ಪ್ರತಿಯೊಂದೂ ಯಾರದೋ ಕೈಯಿಂದ ಬಿಡಿಸಿಕೊಂಡು ಬಂದದ್ದು. ಬಿಟ್ಟುಕೊಟ್ಟ ಕೈ ಒಪ್ಪಿ ಬಿಟ್ಟಿತೋ ಸೋತು ಬಿಟ್ಟಿತೋ ಎಂಬುದು ಪಡೆದವರಿಗೆ ಆ ಕ್ಷಣದಲ್ಲೇ ತಿಳಿದಿರುತ್ತದೆ. ತಿಳಿಯಲಿಲ್ಲವೆನ್ನಲು ಭಾಷೆಯೊಂದು ನೆಪವಾಗಿ ಒದಗುತ್ತದೆ, ನೆಪ ಹಳತಾಗಿ ನಗೆಯಾಗುತ್ತದೆ. ವಸ್ತುವನ್ನಾದರೆ ಎಂದೋ ಒಂದು ದಿನ ಚೀಲದಲ್ಲಿಟ್ಟು ಹಿಂದಿರುಗಿಸಬಹುದು. ಆದರೆ ನಿತ್ಯ ಬಳಸಿ ಬಳಸಿ ನಮ್ಮ ನಾಲಗೆಯಾಗಿಬಿಟ್ಟದ್ದನ್ನು ಯಾವ ಮೇಜಿನ ಮೇಲಿಟ್ಟು ಬರುವುದು? ಪರರ ಮಾತನ್ನು ಆಯ್ದು ಬದುಕುವ ನಾವೆಲ್ಲರೂ, ಕಥೆ ಬರೆಯುವವರೂ ಸೇರಿ, ಆ ಜಾತಿಯವರೇ. ರಮಾಕಾಂತರಿಗೆ ಮೌನವಾಗಿರುವಷ್ಟು ನಾಚಿಕೆಯಾದರೂ ಇತ್ತು.